ಪಕ್ಕದಲ್ಲಿ ಸುಮ್ಮನೆ ಕೂರಲು ಒಬ್ಬರು

“ಫ್ಯಾನ್ ಒಂದ ಕಡೆ ವಾಲೇತ್ರಿ ಮೇಡಂ.”

ನನ್ನ ಬದುಕಿನ ಮೊದಲ ಇಂಟರ್‌ವ್ಯೂನಲ್ಲಿ ನಾನು ಕೊಟ್ಟ ಉತ್ತರ ಇದು. ಪ್ರಶ್ನೆ ಏನಿತ್ತು ಗೊತ್ತೇ? ‘ನಿನಗೆ ನರ್ಸಿಂಗ್ ಯಾಕೆ ಓದಬೇಕು ಅನಿಸಿತು?’

ನಕ್ಕಿರಾ? ನಗಿ, ಬೇಸರವಿಲ್ಲ. ಆ ಕೋಣೆಯಲ್ಲಿದ್ದವರೂ ನಕ್ಕರು.

ತೊಂಬತ್ತರ ದಶಕದ ಮಾತು. ರಾಯಬಾಗದಲ್ಲಿ ಪಿಯುಸಿ ಮುಗಿಸಿ (ಮುಗಿದದ್ದು ಎರಡನೇ ಸಲಕ್ಕೆ) ಬೆಳಗಾವಿಯ ಒಂದು ಕಾಲೇಜಿಗೆ ಸೀಟು ಕೇಳಲು ಹೋಗಿದ್ದೆ. ನಗದೇ ಇದ್ದವರು ಒಬ್ಬರೇ, ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಡಾಕ್ಟರ್. ಹೊರಗೆ ಕಾಯುತ್ತಿದ್ದ ಆಯಿಯನ್ನು (ನಮ್ಮ ಜೈನರ ಮನೆಯಲ್ಲಿ ಅಮ್ಮ ಅಂದರೆ ಆಯಿ) ಒಳಗೆ ಕರೆಸಿದರು.

“ಇಕಿನ್ನ ಮಿರಜದಾಗ ಮನಸ್ಸಿನ ಡಾಕ್ಟರ್‌ಗೆ ತೋರಿಸ್ರಿ. ಆಮ್ಯಾಲ ಮತ್ತ ಕರಕೊಂಡ ಬರ್ರಿ, ಸೀಟಿನ ವಿಚಾರ ಮಾಡೂಣು.”

ಮನಸ್ಸಿನ ಡಾಕ್ಟರ್! ಆ ಮಾತು ಕೇಳಿದ್ದೇ ಆಯಿ ನನ್ನ ಕೈ ಹಿಡಿದು ಸರಸರ ಹೊರಗೆ ನಡೆದಳು. ಆದರೂ ಕರೆದುಕೊಂಡು ಹೋದಳು. ಅಪ್ಪನಿಗೆ ಹೇಳಿದ್ದು ಮಾತ್ರ ಹಲ್ಲುನೋವು ಅಂತ.

ಮಿರಜದ ಡಾಕ್ಟರ್‌ಬಾಯಿ ನನ್ನನ್ನು ಕೇಳಿದ್ದು ಕಡಿಮೆ, ಆಯಿಯನ್ನು ಕೇಳಿದ್ದೇ ಹೆಚ್ಚು. ಆಯಿಗೂ ಅಷ್ಟೇ ಬೇಕಾಗಿತ್ತು.

“ಹಾಲ ತರಾಕ ಕಳಿಸಿದ್ರ ತಂಬಗಿ ಅಲ್ಲೇ ಬಿಟ್ಟ ಬರ್ತಾಳ್ರಿ. ಒಲಿ ಮ್ಯಾಲ ಹಾಲ ಉಕ್ಕಿದ್ರ ನೋಡಕೋತ ನಿಂತಿರ್ತಾಳ. ಪರೀಕ್ಷಾದಾಗ ಬರೋದೆಲ್ಲಾ ಬರೀತಾಳ, ಪ್ರಶ್ನೆಪತ್ರಿಕಿ ಹಿಂದ ತಿರುವಿ ನೋಡೂದ ಮರೀತಾಳ. ಮೈಗಳ್ಳಿ ಅಂತ ಸಾಲ್ಯಾಗ ಹೊಡದ್ರು. ಮನ್ಯಾಗ ನಾನೂ ಹೊಡದೀನ್ರಿ.”

ಡಾಕ್ಟರ್‌ಬಾಯಿಯ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. “ಮಾವಶಿ, ಹಾ ಆಳಸ ನಾಹಿ. ಮೈಗಳ್ಳತನ ಅಲ್ಲ ಇದು. ಅಟೆನ್ಷನ್ ಡೆಫಿಸಿಟ್ ಡಿಸಾರ್ಡರ್ ಅಂತಾರ. ಲಕ್ಷ, ಅಂದ್ರ ಗಮನ, ನಿಲ್ಲೂದಿಲ್ಲ. ಸಣ್ಣಾಕಿ ಇದ್ದಾಗಿಂದ ಐತಿ. ದಾಂಧಲೆ ಮಾಡೂ ಹುಡುಗೂರ್ನ ಲಗೂನ ಕರಕೊಂಡ ಬರ್ತಾರ. ಖಿಡಕಿ ಬಾಜೂಕ ಗಪ್ ಕುಂದ್ರೂ ಹುಡುಗಿನ್ನ ಯಾರ ನೋಡ್ತಾರ?”

ನನಗೆ ಅಳು ಬಂತು. ನಾನು ಮೈಗಳ್ಳಿ ಅಲ್ಲವೆಂದು ಹೇಳುವವರು ಭೂಮಿಯ ಮೇಲೆ ಒಬ್ಬರಾದರೂ ಇದ್ದರಲ್ಲ!

ಔಷಧ? ಇದಕ್ಕಿರುವ ಗುಳಿಗೆ ಇಲ್ಲಿ ಸಿಗುವುದು ಕಷ್ಟ ಎಂದರು. ನನ್ನ ಕಡೆ ತಿರುಗಿ, “ಒಬ್ಬಾಕಿನ ಓದಬ್ಯಾಡ. ಯಾರರ ಬಾಜೂಕ ಸುಮ್ಮನ ಕುಂತಿರ್ಲಿ, ಸಾಕು. ಲಕ್ಷ ನಿಲ್ತೈತಿ” ಎಂದರು.

ವಾಪಸು ರೈಲಿನಲ್ಲಿ ಕೂತಾಗ ಹೊತ್ತು ಇಳಿಯುತ್ತಿತ್ತು. ನಮ್ಮಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಆಗಬೇಕು. ಆಯಿ ರೊಟ್ಟಿಯ ಗಂಟು ಬಿಚ್ಚಿದಳು. ನನ್ನ ಬಾಯಿ ತುಂಬಿದ ಮೇಲೆ ಮಾತಾಡಿದಳು.

“ಇದನ್ನ ಯಾರ ಮುಂದೂ ಅನಬ್ಯಾಡ. ನಿನ್ನ ಬೆನ್ನಿಗೆ ತಂಗಿ ಅದಾಳ.”

“ಮತ್ತ ಬೆಳಗಾವಿ ಕಾಲೇಜು?”

“ಏನಂತ ಹೇಳಕೋತ ಹೋಗೂದು ಅಲ್ಲಿ? ಚಿಕ್ಕೋಡ್ಯಾಗ ಬಿ.ಎ. ಮಾಡ.” ಇನ್ನೊಂದು ರೊಟ್ಟಿ ನನ್ನ ಕೈಗಿಟ್ಟಳು.

ಯೋಚಿಸಿ ನೋಡಿ. ಮಗಳು ಮೈಗಳ್ಳಿ ಎಂದು ಬಂದವರ ಮುಂದೆಲ್ಲ ಧಾರಾಳವಾಗಿ ಹೇಳುತ್ತಿದ್ದ ಮನೆ, ನಿಜವಾದ ಹೆಸರು ಸಿಕ್ಕ ದಿನವೇ ಬಾಯಿ ಮುಚ್ಚಿಕೊಂಡಿತು. ಒಬ್ಬಳೇ ಓದಬೇಡ ಎಂದರು ಡಾಕ್ಟರ್. ಯಾರಿಗೂ ಹೇಳಬೇಡ ಎಂದಳು ಆಯಿ. ಕಾರಣ ಹೇಳದೆ ‘ನನ್ನ ಪಕ್ಕ ಕೂತ್ಕೋ’ ಅಂತ ಯಾರನ್ನು ಕೇಳುವುದು?

ಚಿಕ್ಕೋಡಿಯ ಹಾಸ್ಟೆಲ್‌ನಲ್ಲಿ ಕೋಣೆ ತುಂಬ ಹುಡುಗಿಯರಿದ್ದರು. ಆದರೂ ಅಷ್ಟು ಒಂಟಿಯಾಗಿ ನಾನು ಎಲ್ಲೂ ಇರಲಿಲ್ಲ. ಪುಸ್ತಕ ತೆರೆದು ಕೂತರೆ ಕಣ್ಣು ಸಾಲಿನ ಮೇಲೆ, ತಲೆ ಎಲ್ಲೋ. ಮೊದಲ ಟೆಸ್ಟ್‌ನಲ್ಲಿ ಇತಿಹಾಸ ಫೇಲ್. ಲೆಕ್ಚರರ್ ಬಾಯಲ್ಲಿ ಮತ್ತೆ ಅದೇ ಹಳೆಯ ಮಾತು: “ಮೈಗಳ್ಳಿ.”

ಒಂದು ಸಂಜೆ ಧೈರ್ಯ ಮಾಡಿ, ಕುಡಚಿಯಿಂದ ಬಂದಿದ್ದ ರೂಮ್‌ಮೇಟ್ ಮೆಹರುನ್‌ಳನ್ನು ಕೇಳಿದೆ.

“ನಾ ಓದೂ ಮುಂದ ಹಂಗ ಸುಮ್ನ ಬಾಜೂಕ ಕುಂದರ್ತೀ ಏನ?”

“ಯಾಕ್ಬೇ? ದೆವ್ವದ ಹೆದರಿಕಿ ಐತೇನ?”

ಬಾಯಿಗೆ ಬಂದ ಕಾಯಿಲೆಯ ಹೆಸರನ್ನು ನುಂಗಿ, “ಹೂಂ” ಎಂದೆ.

ಅವಳು ನಗಲಿಲ್ಲ. ಕ್ರೋಶಾ ಹೆಣಿಗೆಯ ದಾರ ತಂದು ಪಕ್ಕದಲ್ಲಿ ಕೂತಳು. ಅಂದು ನಾನು ಒಂದು ಪಾಠವನ್ನು ಕೊನೆಯವರೆಗೂ ಓದಿದೆ. ರಜೆಗೆ ಊರಿಗೆ ಹೋದ ಮೆಹರುನ್ ತನ್ನ ಅಜ್ಜಿಗೆ ಹೇಳಿ ದರ್ಗಾದಿಂದ ತಾಯಿತ ತಂದು ನನ್ನ ರಟ್ಟೆಗೆ ಕಟ್ಟಿದಳು. ಡಿಗ್ರಿ ಮುಗಿಯುವವರೆಗೂ ಹೀಗೇ ಕೂತಳು. ನಾನು ಪಾಸಾದೆ, ಸೆಕೆಂಡ್ ಕ್ಲಾಸ್.

ಹಾಸ್ಟೆಲ್ ಬಿಡುವ ದಿನ ಕೈ ಹಿಡಿದು ಹೇಳಿದಳು, “ಇನ್ನರ ಹೆದರಬ್ಯಾಡ್ಬೇ. ದೆವ್ವ ಗಿವ್ವ ಏನೂ ಇರೂದಿಲ್ಲ.”

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಗಲೂ ಬಂದದ್ದು “ಹೂಂ” ಒಂದೇ.

ಅವಳು ನನ್ನ ಪಕ್ಕದಲ್ಲೇ ಇದ್ದಳು. ತಾನು ಯಾರ ಪಕ್ಕದಲ್ಲಿ ಕೂತಿದ್ದೇನೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ದೆವ್ವದ ಹೆಸರು ಹೇಳಿ ಜೊತೆ ಕೇಳಬಹುದಾದ ನಮ್ಮಲ್ಲಿ, ಕಾಯಿಲೆಯ ಹೆಸರು ಹೇಳಿ ಕೇಳಲು ಯಾಕೆ ಬಾಯಿ ಬರುವುದಿಲ್ಲ?