ಪವಿತ್ರಾ ಮಾಡಿದ ಅಪ್ಪ

ಕಳಸದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪವಿತ್ರಾಳ ಹೊಲಿಗೆ ಅಂಗಡಿ. ಎಸ್ಟೇಟ್ ಲೈನಿನ ಹೆಂಗಸರಿಂದ ಹಿಡಿದು ದೊಡ್ಡ ಮನೆಯ ಅಮ್ಮಂದಿರವರೆಗೆ ಎಲ್ಲರೂ ರವಿಕೆಗೆ ಅವಳ ಹತ್ತಿರವೇ ಬರುತ್ತಿದ್ದರು. ಗಂಡ ಅನಿಲ್ ಪಿಕಪ್ ಓಡಿಸುತ್ತಿದ್ದ. ಸೀಸನ್ನಿನಲ್ಲಿ ಕಾಫಿ ಮೂಟೆ, ಉಳಿದ ಕಾಲದಲ್ಲಿ ಸಿಮೆಂಟು, ಸೌದೆ, ಮದುವೆ ಮನೆಯ ಪಾತ್ರೆ. ಪವಿತ್ರಾಳ ತಾಯಿ ಅಂಜನಮ್ಮ ಇವರ ಜೊತೆಗೇ ಇದ್ದರು. ಮೂವತ್ತು ದಾಟಿದ ಮೇಲೆ ಹೊಸದೊಂದು ವಿದ್ಯೆ ಕಲಿಯುತ್ತೇನೆಂದು ಪವಿತ್ರಾ ಎಣಿಸಿದವಳೇ ಅಲ್ಲ. ಅವಳನ್ನು ಅದಕ್ಕೆ ಎಳೆದವಳು ರೂಪಶ್ರೀ.

ಇಬ್ಬರೂ ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಅಕ್ಕಪಕ್ಕದ ಕ್ವಾರ್ಟರ್ಸಿನಲ್ಲಿ ಬೆಳೆದವರು. ಪವಿತ್ರಾಳ ಅಪ್ಪ ಗುರುವಯ್ಯ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ರೂಪಶ್ರೀಯ ಅಪ್ಪನಿಗೂ ಅಲ್ಲೇ ಕೆಲಸ, ಆದರೆ ಅವನು ಮನೆಯಲ್ಲಿದ್ದದ್ದಕ್ಕಿಂತ ಕುಡಿದು ಎಲ್ಲೋ ಬಿದ್ದಿದ್ದೇ ಹೆಚ್ಚು. ಹಾಗಾಗಿ ರೂಪಶ್ರೀ ಉಂಡದ್ದು, ಓದಿಕೊಂಡದ್ದು, ಎಷ್ಟೋ ಸಲ ಮಲಗಿದ್ದು ಕೂಡ ಪವಿತ್ರಾಳ ಮನೆಯಲ್ಲೇ. ಗುರುವಯ್ಯ ಪಾಳಿ ಮುಗಿಸಿ ಬರುವಾಗ ಕ್ಯಾಂಟೀನಿನ ಬನ್ನು ತಂದರೆ ಅದನ್ನು ಇಬ್ಬರಿಗೂ ಸಮನಾಗಿ ಮುರಿದು ಕೊಡುತ್ತಿದ್ದರು. ಆಮೇಲೆ ಗಣಿ ನಿಂತಿತು, ಟೌನ್‌ಶಿಪ್ ಬಣಗುಟ್ಟಿತು, ಸಂಸಾರಗಳು ದಿಕ್ಕಿಗೊಂದಾದವು. ಕಳಸಕ್ಕೆ ಬಂದ ಗುರುವಯ್ಯ ಬಹಳ ಕಾಲ ಬದುಕಲಿಲ್ಲ. ರೂಪಶ್ರೀಯ ಸುದ್ದಿ ಯಾರಿಗೂ ಇರಲಿಲ್ಲ.

ಅಂಥವಳು ಒಂದು ದಿನ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಎಲ್ಲೆಲ್ಲೋ ಸುತ್ತಿ ಪಿಂಗಾಣಿಯ ಕೆಲಸ, ಮಣ್ಣಿನ ಶಿಲ್ಪ ಕಲಿತು ಬಂದಿದ್ದಳು. ಪೇಟೆಯ ಹೊರಗಿದ್ದ ಹಳೆಯ ಕಾಫಿ ಗೋಡೌನನ್ನು ಬಾಡಿಗೆಗೆ ಹಿಡಿದು, ಕರೆಂಟಿನ ಸುಡುಗೂಡು ಹಾಕಿಸಿ, ಹೋಮ್‌ಸ್ಟೇಗೆ ಬರುವವರಿಗೆ ಕಲಿಸುವ ಯೋಚನೆ ಅವಳದು. ಮೊದಲ ಶಿಷ್ಯೆ ನೀನೇ ಆಗಬೇಕು ಎಂದು ಹಟ ಹಿಡಿದಳು. ಪವಿತ್ರಾ ನಕ್ಕಳು, ಆದರೂ ಭಾನುವಾರ ಹೋದಳು.

ಶುರುವಿನಲ್ಲಿ ಬರೀ ನಾದುವುದು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಆಗದು, ಒಳಗಿನ ಗಾಳಿಯೆಲ್ಲ ಹೋಗಬೇಕು. ಒಂದು ಗುಳ್ಳೆ ಉಳಿದರೂ ಬೆಂಕಿಯಲ್ಲಿ ಸಿಡಿಯುತ್ತದೆ ಎಂದು ರೂಪಶ್ರೀ ಹೇಳಿಕೊಟ್ಟಳು. ತಿರುಗುವ ಚಕ್ರದ ಮೇಲೆ ಬಟ್ಟಲು ಮಾಡಲು ಹೋದರೆ ಮಣ್ಣು ಸೊಟ್ಟಗಾಗಿ ಗೋಡೆಗೆ ಹಾರುತ್ತಿತ್ತು. ಬಟ್ಟೆ ಕತ್ತರಿ ಹೇಳಿದ ಮಾತು ಕೇಳುವ ಪದಾರ್ಥ; ಮಣ್ಣಿಗೆ ಅದರದೇ ಹಟ. ಪವಿತ್ರಾ ಚಕ್ರದ ಸಹವಾಸ ಬಿಟ್ಟು ಕೈಯಲ್ಲೇ ಗೊಂಬೆ ಮಾಡಲು ಕೂತಳು. ಮೈ ಮಾಡಿ ಒಳಗನ್ನು ಟೊಳ್ಳು ಮಾಡುವುದು, ಕೈಕಾಲು ಅಂಟಿಸುವ ಮೊದಲು ಎರಡೂ ಕಡೆ ಗೀರಿ ತೆಳು ಮಣ್ಣಿನ ಅಂಟು ಬಳಿಯುವುದು, ಮಳೆಗಾಲದಲ್ಲಿ ಆರದ ಗೊಂಬೆಗೆ ಪ್ಲಾಸ್ಟಿಕ್ ಹೊದಿಸಿ ತಾಳ್ಮೆಯಿಂದ ಕಾಯುವುದು, ಎಲ್ಲ ಕಲಿತಳು. ಏನು ಮಾಡಲಿ ಎಂದು ಯೋಚಿಸಿದರೆ ಬೆರಳಿಗೆ ಬರುತ್ತಿದ್ದದ್ದು ಟೌನ್‌ಶಿಪ್ಪಿನ ಜನವೇ. ಆಸ್ಪತ್ರೆಯ ನರ್ಸ್ ಮರಿಯಮ್ಮ, ಚೀಲ ಹಿಡಿದು ಬಸ್ಸಿಗೆ ಕಾಯುವ ಅಂಜನಮ್ಮ.

ಸುಟ್ಟ ಮೇಲೆ ಮಾತ್ರ ಅವಳ ಅದೃಷ್ಟ ಕೈಕೊಡುತ್ತಿತ್ತು. ಚಕ್ರದ ಮೇಲೆ ಮಾಡಿದ್ದ ಸೊಟ್ಟ ಬಟ್ಟಲುಗಳು ಒಡೆಯದೆ ಹೊರಬರುತ್ತಿದ್ದವು, ಗೊಂಬೆಗಳು ಒಡೆದುಹೋಗುತ್ತಿದ್ದವು. ಗೂಡು ತೆರೆಯುವುದು ವಾರದ ನಡುವೆ, ಅವಳು ಅಂಗಡಿಯಲ್ಲಿರುವಾಗ. ಚೂರು ನೋಡಿದರೆ ನಿನಗೆ ಬೇಜಾರಾಗುತ್ತೆ ಅಂತ ಎಸೆದುಬಿಟ್ಟೆ ಎಂದು ರೂಪಶ್ರೀ ಹೇಳುವಳು. ಗೆಳತಿಯ ಆ ಕಾಳಜಿಗೆ ಪವಿತ್ರಾಳ ಕಣ್ಣು ತುಂಬುತ್ತಿತ್ತು. ತಪ್ಪು ತನ್ನ ಕೈಯದೇ ಎಂದು ನಂಬಿ ಇನ್ನಷ್ಟು ನಾದಿದಳು. ಹೆಬ್ಬೆರಳು ಊದಿಕೊಂಡು ಸೂಜಿ ಹಿಡಿಯುವುದೇ ಕಷ್ಟವಾಯಿತು. ಇಷ್ಟು ಒಡೆಯೋದಾದ್ರೆ ಬಿಟ್ಟುಬಿಡು ಎಂದು ಅನಿಲ್ ಒಂದೆರಡು ಸಲ ಹೇಳಿ ನೋಡಿದ.

ಬಿಡುವ ಬದಲು ಅವಳು ಅಪ್ಪನನ್ನು ಮಾಡಲು ಕೂತಳು. ಕಂಕುಳಲ್ಲಿ ಹೆಲ್ಮೆಟ್, ದಣಿದು ಒಂದು ಕಾಲಿನ ಮೇಲೆ ಭಾರ ಬಿಟ್ಟ ನಿಲುವು, ಏನೋ ಕೇಳಿಸಿಕೊಳ್ಳುವವರ ಹಾಗೆ ತುಸು ಓರೆಯಾದ ತಲೆ. ಫೋಟೋ ನೋಡಲಿಲ್ಲ. ಒಂದು ಮಳೆಗಾಲವೆಲ್ಲ ಅದಕ್ಕೇ ಹೋಯಿತು. ಮುಖ ಮೂಡಿದ ದಿನ ರೂಪಶ್ರೀ ಎದುರಿಗೆ ಕೂತು ಕತ್ತಲಾಗುವವರೆಗೂ ಅದನ್ನೇ ನೋಡುತ್ತಿದ್ದಳು. ಸುಟ್ಟಾದ ಮೇಲೆ ತಾನೇ ಅಂಗಡಿಗೆ ಬಂದಳು. ಕುತ್ತಿಗೆಯಿಂದ ಮೇಲೆ ಸಿಡಿದು ಪುಡಿಯಾಗಿದೆ, ಉಳಿದದ್ದನ್ನೂ ಎಸೆದೆ ಮಾರಾಯ್ತಿ ಎಂದಳು. ಪವಿತ್ರಾ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ರೂಪಶ್ರೀಯೂ ಅವಳ ಬೆನ್ನು ಸವರುತ್ತಾ ಅತ್ತಳು.

ಚಳಿಗಾಲದಲ್ಲಿ ಚಿಕ್ಕಮಗಳೂರಿನ ಒಂದು ಹಳೆಯ ಬಂಗಲೆಯಲ್ಲಿ ರೂಪಶ್ರೀಯ ಕೆಲಸಗಳ ಪ್ರದರ್ಶನ ಎಂದು ಗೊತ್ತಾಯಿತು. ಘಾಟಿಯ ದಾರಿ, ನಿನಗೆ ವಾಂತಿಯಾಗುತ್ತೆ, ಬರಬೇಡ ಎಂದು ಅವಳು ಹೇಳಿದ್ದಳು. ಆದರೆ ಗೆಳತಿಗೆ ಹೇಳದೆ ಹೋಗಿ ಖುಷಿಪಡಿಸಬೇಕೆಂದು ಪವಿತ್ರಾ ಅವಳ ಅಳತೆಗೊಂದು ಕುರ್ತಾ ಹೊಲಿದು ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದಳು.

ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ನರ್ಸ್ ಮರಿಯಮ್ಮ. ಅವಳ ಪಕ್ಕದಲ್ಲಿ ಚೀಲ ಹಿಡಿದ ಅಮ್ಮ. ನಡುವಿನ ಎತ್ತರದ ಪೀಠದ ಮೇಲೆ ಅಪ್ಪ, ಕೂದಲೆಳೆಯಷ್ಟೂ ಬಿರುಕಿಲ್ಲದೆ ನಿಂತಿದ್ದರು. ಕೆಳಗಿನ ಚೀಟಿಯಲ್ಲಿ ‘ನನ್ನ ಅಪ್ಪ’ ಎಂದು ಬರೆದಿತ್ತು, ಅದರಡಿ ರೂಪಶ್ರೀಯ ಹೆಸರು. ಪವಿತ್ರಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಒಡೆದಿಲ್ಲವಲ್ಲ ಎಂದು ಮುಟ್ಟಲು ಕೈ ಚಾಚಿದಳು. ಆಮೇಲೆ ನಿಧಾನಕ್ಕೆ, ಬಿಸಿನೀರು ಮೈಗಿಳಿದ ಹಾಗೆ, ಉಳಿದದ್ದೆಲ್ಲ ಅರ್ಥವಾಯಿತು.

ರೂಪಶ್ರೀ ಯಾರೋ ಪ್ಲಾಂಟರ್ ದಂಪತಿಗೆ ತನ್ನ ಬಾಲ್ಯದ ಕತೆ ಹೇಳುತ್ತಿದ್ದಳು. ಕ್ಯಾಂಟೀನಿನ ಬನ್ನಿನ ಕತೆ. ಪವಿತ್ರಾಳನ್ನು ಕಂಡು ಅವಳ ಮಾತು ನಿಂತಿತು.

“ಇದು ನಾನು ಮಾಡಿದ್ದು,” ಎಂದಳು ಪವಿತ್ರಾ. “ಇದು ನಮ್ಮಪ್ಪ.”

ಆ ದಂಪತಿ ರೂಪಶ್ರೀಯ ಮುಖ ನೋಡಿದರು. ನಿಜ ಹೇಳಲು ಆ ಒಂದು ಗಳಿಗೆ ಅವಳ ಕೈಯಲ್ಲಿತ್ತು. ಅವಳು ಪವಿತ್ರಾಳ ತೋಳು ಹಿಡಿದು ಮೆಲ್ಲಗೆ ನಕ್ಕಳು. “ನನ್ನ ಸ್ಟೂಡೆಂಟ್ ಇವಳು. ಹೊಸದಾಗಿ ಕಲೀತಿದಾಳೆ. ಸ್ವಲ್ಪ ಭಾವುಕ ಸ್ವಭಾವ.”

ಪವಿತ್ರಾ ವಾದ ಮಾಡಲಿಲ್ಲ. ಸುತ್ತ ನಿಂತವರ ನೋಟದಲ್ಲಿದ್ದ ಕನಿಕರ ನೋಡಿ ಹೊರಬಂದು ಬಂಗಲೆಯ ಗೇಟಿನ ಹತ್ತಿರ ಕುರ್ತಾದ ಚೀಲವನ್ನು ಎದೆಗವಚಿಕೊಂಡು ನಿಂತಳು. ಹಿಂದೆಯೇ ಓಡಿ ಬಂದ ರೂಪಶ್ರೀ ಏನೇನೋ ಹೇಳಿದಳು. ಹೊಸಬಳ ಹೆಸರಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ, ಮುಂದಿನ ಸಲ ಇಬ್ಬರ ಹೆಸರೂ ಹಾಕುತ್ತಾಳಂತೆ. ಕೊನೆಗೆ ಅಳುತ್ತಾ ಅಂದಳು:

“ನಾನೂ ಮಾಡೋಕೆ ಕೂತಿದ್ದೆ ಪವೀ. ನಮ್ಮಪ್ಪನ ಮುಖ ನನ್ನ ಕೈಗೆ ಬರೋದೇ ಇಲ್ಲ. ನಂಗೆ ಅಪ್ಪ ಅಂದ್ರೆ ನಿಮ್ಮಪ್ಪನೇ.”

“ಬೇಕಿತ್ತು ಅಂದಿದ್ರೆ ಕೊಡ್ತಿದ್ದೆ,” ಎಂದಳು ಪವಿತ್ರಾ. “ನನ್ನ ಕೈ ಸರಿಯಿಲ್ಲ ಅಂತ ಯಾಕೆ ನಂಬಿಸ್ದೆ?”

ಪವಿತ್ರಾ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಪೀಠವೂ ಅಲ್ಲ, ಚೀಟಿಯೂ ಅಲ್ಲ. ಅಂಗಡಿಯಲ್ಲಿ ತನ್ನ ಬೆನ್ನು ಸವರಿದ ಆ ಕೈ.

ಪ್ರದರ್ಶನ ಮುಗಿದ ಮೇಲೆ ಒಂದು ಸಂಜೆ ರೂಪಶ್ರೀ ಟವೆಲಿನಲ್ಲಿ ಸುತ್ತಿದ ಗೊಂಬೆಯನ್ನು ಹೊತ್ತು ಮನೆಗೆ ಬಂದಳು. ಪವಿತ್ರಾ ಹೊಸ್ತಿಲಲ್ಲೇ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು, ಒಳಗೆ ಬಾ ಎನ್ನಲಿಲ್ಲ. ರೂಪಶ್ರೀ ಅಂಗಳದಿಂದ ಒಂದು ಸಲ ಪವೀ ಎಂದು ಕರೆದು ಹೊರಟುಹೋದಳು.

ಟವೆಲು ಬಿಚ್ಚಿದಾಗ ಅಂಜನಮ್ಮ ಕನ್ನಡಕ ಹಾಕಿಕೊಂಡು ಬಂದರು. ಗಂಡನ ಹಣೆಯಿಂದ ಗಲ್ಲದವರೆಗೆ ಬೆರಳಾಡಿಸಿದರು. ಕಿವಿ ಇಷ್ಟು ದೊಡ್ಡದಿರಲಿಲ್ಲ ಕಣೇ ಎಂದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲ ಕಡೆ ನೋಡಿ ಕೇಳಿದರು.

“ಅದು ರೂಪನ ಧ್ವನಿಯಲ್ವಾ? ಊಟ ಮಾಡ್ಕೊಂಡು ಹೋಗು ಅನ್ಬಾರ್ದಿತ್ತಾ?”

“ಅವಳಿಗೆ ಹೊತ್ತಾಯ್ತಂತೆ ಅಮ್ಮ,” ಎಂದು ಹೇಳಿ ಪವಿತ್ರಾ ಬಾಗಿಲ ಚಿಲಕ ಹಾಕಿದಳು.