ಪೇಜರ್‌ಗೆ ಹೋದ ಒಪ್ಪಿಗೆ

ನಾನು ಹನ್ನೆರಡನೇ ತರಗತಿ ಮುಗಿಸಿ ಮನೆಯಲ್ಲಿದ್ದ ವರ್ಷ ಅದು. ತಮಿಳುನಾಡಿನ ಕಂಬಂ ಪಕ್ಕದ ನಮ್ಮ ದ್ರಾಕ್ಷಿ ತೋಟವನ್ನು ಅವ್ವನೇ ನೋಡಿಕೊಳ್ಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಚಪ್ಪರದ ತಂತಿ ಬಿಗಿಸುವುದರಿಂದ ಹಿಡಿದು ವ್ಯಾಪಾರಿಗಳ ಹತ್ತಿರ ದರ ಮಾತಾಡುವವರೆಗೆ ಎಲ್ಲ ಅವಳದೇ. ಓದುಬರಹ ಮಾತ್ರ ಬರುತ್ತಿರಲಿಲ್ಲ. ಕಾಗದ, ಫೋನು ಎಂದರೆ ನನ್ನನ್ನು ಮುಂದೆ ಬಿಡುತ್ತಿದ್ದಳು.

ಆ ಸಲ ದಿಂಡಿಗಲ್ಲಿನ ವ್ಯಾಪಾರಿಯೊಬ್ಬರು ಬಂದು ತೋಟ ನೋಡಿದರು. ನಿಲಕ್ಕೋಟ್ಟೈ ಕಡೆಯವರು, ಮನೆಯಲ್ಲಿ ನಮ್ಮ ಹಾಗೇ ಕನ್ನಡದ ಮಾತು. ಹಾಗಾಗಿ ಅವ್ವನಿಗೆ ಸ್ವಲ್ಪ ಸಲಿಗೆ.

"ತಂಗಚ್ಚಿ, ಇಡೀ ತೋಟ ನಾನೇ ಕುಯ್ಕೊಂಡೋಗ್ತೀನಿ. ಯೋಳಿದ ದರಕ್ಕೆ ಸರಿ ಅಂದ್ರೆ ಪೇಜರ್‌ಗೆ ಒಂದ್ ಮಾತ್ ಕಳ್ಸು, ಸಾಕು," ಎಂದು ನಂಬರು ಬರೆದುಕೊಟ್ಟರು. ಅವರ ಬೆಲ್ಟಿಗೆ ಸಿಕ್ಕಿಸಿದ್ದ ಆ ಕಪ್ಪು ಪೆಟ್ಟಿಗೆಯನ್ನು ನಾನು ನೋಡಿದ್ದು ಅದೇ ಮೊದಲು. ಫೋನಿನಲ್ಲಿ ಕಂಪನಿಯವರಿಗೆ ಹೇಳಿದರೆ ಅವರು ಟೈಪ್ ಮಾಡಿ ಕಳಿಸುತ್ತಾರೆ, ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರ ಮೂಡುತ್ತದೆ.

ಮಂಗಳವಾರ ಅವ್ವ ನನ್ನನ್ನು ಎಸ್‌ಟಿಡಿ ಬೂತಿಗೆ ಕಳಿಸಿದಳು. "ಶುಕ್ರವಾರ ಬಂದು ಇನ್ನೊಂದ್ ದಪ ನೋಡ್ಲಿ. ಆಮ್ಯಾಲೆ ದರ ಮಾತಾಡಾಣ ಅಂತ ಯೋಳು."

ಅತ್ತ ಪೇಜರ್ ಕಂಪನಿಯ ಹೆಂಗಸು, ಚಿಕ್ಕದಾಗಿ ಹೇಳಮ್ಮ ಎಂದು ಅವಸರ ಮಾಡಿದಳು. ಬೂತಿನ ಮೀಟರು ಬೇರೆ ಓಡುತ್ತಿತ್ತು. ನನಗೆ ನನ್ನ ಇಂಗ್ಲಿಷಿನ ಮೇಲೆ ಹೆಮ್ಮೆಯೂ ಇತ್ತು. "ಓಕೆ. ಕಮ್ ಫ್ರೈಡೇ" ಎಂದು ಇಟ್ಟುಬಿಟ್ಟೆ. ಮನೆಗೆ ಬಂದು, ಹೇಳಿದೆನವ್ವ ಎಂದೆ.

ಮರುದಿನ ಕಂಬಂನ ವ್ಯಾಪಾರಿಯೊಬ್ಬರು ಬಂದರು. ದಿಂಡಿಗಲ್ಲಿನವರ ಮಾತು ಇನ್ನೂ ಗಟ್ಟಿಯಾಗಿಲ್ಲವೆಂದು ತಿಳಿದಿದ್ದ ಅವ್ವ ಅವರಿಗೆ ಇಡೀ ತೋಟ ಕೊಡುವುದಾಗಿ ಹೇಳಿದಳು. ದಿಂಡಿಗಲ್ಲಿನವರಿಗೆ ಶುಕ್ರವಾರ ಬಂದಾಗ ತಿಳಿಸಿದರಾಯಿತು ಎಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ತೋಟದ ದಾರಿಯಲ್ಲಿ ಲಾರಿ ನಿಂತಿತು. ಖಾಲಿ ಪೆಟ್ಟಿಗೆಗಳು, ಕತ್ತರಿ ಹಿಡಿದ ಹತ್ತು ಹನ್ನೆರಡು ಹೆಂಗಸರು. ಮುಂದೆ ದಿಂಡಿಗಲ್ಲಿನ ಆ ಅಣ್ಣ.

"ಇದೇನಣ್ಣಾ? ನೋಡಕ್ ಬಾ ಅಂದ್ರೆ ಲಾರಿ ತಂದೀಯ?" ಎಂದಳು ಅವ್ವ.

ಅವರು ಪೇಜರ್ ಬಿಚ್ಚಿ ಮುಂದೆ ಹಿಡಿದರು. "ಇದ್ ನೋಡು. ಓಕೆ ಅಂತ ಐತೆ. ಇದ ನಂಬಿ ಇನ್ನೊಂದ್ ತೋಟ ಬಿಟ್ ಬಂದೀನಿ."

ಅವ್ವ ನನ್ನ ಕಡೆ ತಿರುಗಿದಳು. "ನೀ ಏನಂತ ಯೋಳ್ದೆ?"

"ಬಾ ಅಂತಲೇ ಯೋಳ್ದೆ. ಕಂಪನಿಯವರೇ ತಪ್ಪಾಗಿ ಟೈಪ್ ಮಾಡಿರ್ಬೇಕು," ಎಂದೆ.

ಅಣ್ಣ ದನಿ ಏರಿಸಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. "ಉತ್ತಮಪಾಳಯಂನಾಗೆ ನಮ್ ವಕೀಲ್ರು ಅವ್ರೆ. ಇದು ಒಪ್ಪಂದವೋ ಅಲ್ವೋ ಅವರೇ ಯೋಳ್ಲಿ, ನಡೀರಿ."

ಕುಯ್ಯುವವರನ್ನು ತೋಟದಲ್ಲೇ ಕೂರಿಸಿ ಮೂವರೂ ಲಾರಿ ಹತ್ತಿದೆವು. ನಾನು ಇಬ್ಬರ ನಡುವೆ. ಪೇಜರ್ ಕಂಪನಿಗೆ ಫೋನು ಮಾಡಿ ಕೇಳಿದರೆ ಏನು ಗತಿ, ನನ್ನಿಂದಾಗಿ ಆ ಹೆಂಗಸಿನ ಕೆಲಸ ಹೋದರೆ ಏನು ಗತಿ ಎಂದೇ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ವಕೀಲರು ಕೋರ್ಟಿಗೆ ಹೊರಟು ನಿಂತಿದ್ದರು. ನಿಂತೇ ಎಲ್ಲ ಕೇಳಿ ತಮಿಳಿನಲ್ಲಿ ಹೇಳಿದರು: "ಹೊಲ ಮಾರುವುದಾದರೆ ಪತ್ರ ಬೇಕು. ಹಣ್ಣಿಗೆ ಸಹಿ ಬೇಕಿಲ್ಲ, ಬಾಯಿಮಾತೂ ಸಾಕು. ಆದರೆ ಇಬ್ಬರೂ ಒಂದೇ ವಿಷಯಕ್ಕೆ ಸರಿ ಅಂದಿರಬೇಕು. ಈ ಓಕೆ ದರಕ್ಕೋ, ಬರುವುದಕ್ಕೋ?" ಆಮೇಲೆ ನನ್ನನ್ನೇ ನೋಡಿದರು. "ಕಳಿಸಿದ್ದು ನೀನಲ್ಲವೇನಮ್ಮ?"

ಅಳು ಒತ್ತರಿಸಿ ಬಂತು. "ಓಕೆ ಅಂದದ್ದು ನಾನೇ. ಅವ್ವ ಹಾಗೆ ಹೇಳಿರಲಿಲ್ಲ. ಟೈಪ್ ಮಾಡಿದವರದು ಏನೂ ತಪ್ಪಿಲ್ಲ."

ಅವ್ವ ನನ್ನತ್ತ ನೋಡಲೂ ಇಲ್ಲ.

ವಕೀಲರು ಕೈಗಡಿಯಾರ ನೋಡಿಕೊಂಡರು. "ನಾನು ಇವರ ಕಡೆ ನಿಂತರೆ ಇದು ಒಪ್ಪಂದ ಅಂತ ವಾದಿಸ್ತೀನಿ. ನಿಮ್ಮ ಕಡೆ ನಿಂತರೆ, ಹಾಗೆ ಹೇಳಲು ಮಗಳಿಗೆ ಅಧಿಕಾರವೇ ಇರಲಿಲ್ಲ ಅಂತ ವಾದಿಸ್ತೀನಿ. ತೀರ್ಪು ಬರುವವರೆಗೆ ಹಣ್ಣು ಬಳ್ಳಿಯಲ್ಲಿ ಇರುತ್ತಾ?" ಎಂದು ಹೊರಟೇಬಿಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಅವ್ವ ದಿಂಡಿಗಲ್ಲಿನ ಅಣ್ಣನನ್ನು ತಡೆದು ನಿಲ್ಲಿಸಿದಳು. "ಅಣ್ಣಾ, ಕಳ್ಸಿದ್ದು ನಾನು. ಅವಳ ಬಾಯಿಂದ ಬಂದದ್ದೂ ನನ್ ಮಾತೇ. ಆದ್ರೆ ಕಂಬಂನವರಿಗೂ ಮಾತ್ ಕೊಟ್ಟೀನಿ. ಕಾಲುವೆ ಕಡೆ ಅರ್ಧ ನೀ ಕುಯ್ಕೊ. ಅದಕ್ಕಿಂತ ಹೆಚ್ಚು ನನ್ ಕೈಲಿ ಆಗಲ್ಲ," ಎಂದಳು.

"ಅರ್ಧ ಲಾರಿ ತುಂಬ್ಕೊಂಡ್ ಹೋಗಾಣಾ?" ಎಂದು ಅವರು ಸಿಡುಕಿದರು. ಆದರೂ ಲಾರಿ ನಮ್ಮ ತೋಟದ ಕಡೆಗೇ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಕಾಲುವೆ ಕಡೆಯ ಚಪ್ಪರದಡಿ ಕತ್ತರಿಗಳ ಸದ್ದು ಶುರುವಾಯಿತು.

ಅಂದೇ ಸಂಜೆ ಅವ್ವ ನನ್ನನ್ನು ಕಂಬಂನ ಮಂಡಿಗೆ ಕರೆದೊಯ್ದಳು. ಬಾಗಿಲಲ್ಲಿ ನಿಂತು ನನ್ನ ಭುಜದ ಮೇಲೆ ಕೈಯಿಟ್ಟು, "ನೀನೇ ಯೋಳು," ಎಂದಳು. ಬೂತಿನಲ್ಲಿ ನಡೆದದ್ದು, ಬೆಳಿಗ್ಗೆ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಆ ವ್ಯಾಪಾರಿ ಅವ್ವನಿಗೆ ಕೂರಲು ಸಹ ಹೇಳದೆ, ಅಂಗಡಿಯ ತುಂಬ ಜನರಿದ್ದಾಗಲೇ ಬಾಯಿಗೆ ಬಂದಂತೆ ಬೈದರು. ಅವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ಉಳಿದರ್ಧವನ್ನು ಅವರು ದರ ಇಳಿಸಿ ತೆಗೆದುಕೊಂಡರು. ಮತ್ತೆ ಯಾವತ್ತೂ ನಮ್ಮ ತೋಟಕ್ಕೆ ಕಾಲಿಡಲಿಲ್ಲ.

ವಾಪಸು ಬರುವಾಗ ಶೇರ್ ಆಟೋದಲ್ಲಿ, ಅವ್ವ ಈಗ ಹೊಡೆಯುತ್ತಾಳೆ ಎಂದೇ ಕಾದಿದ್ದೆ. ಅವಳು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿ, ರಸ್ತೆಯ ಕಡೆ ನೋಡುತ್ತ ಕೂತಳು.