ಮುಳ್ಳುತಂತಿಯೊಳಗಿನ ಊರಿಗೆ ಪಿಕರಿಂಗ್‌ನಿಂದ ದಾರಿ

ನೀವು ಬಿಟ್ಟುಬಂದ ಓಣಿಯೊಂದನ್ನು, ಅದರ ಮನೆಗಳ ಸಾಲು ತಪ್ಪದಂತೆ, ಪರದೇಶದ ರಸ್ತೆಯ ಮೇಲೆ ನಡೆದು ತೋರಿಸಬಲ್ಲಿರಾ?

ಹೀಗೆ ಕೇಳಲು ಕಾರಣವಿದೆ. 2016ರ ಸೆಪ್ಟೆಂಬರಿನಲ್ಲಿ ನಾನು ಕೆನಡಾಕ್ಕೆ ಬಂದೆ. ಟೊರಾಂಟೊದ ಪೂರ್ವಕ್ಕಿರುವ ಪಿಕರಿಂಗ್ ಪಟ್ಟಣದಲ್ಲಿ ಬಾಡಿಗೆಗೆ ಜಾಗ ಸಿಕ್ಕಿತ್ತು. ಬಂದ ಮೊದಲ ಭಾನುವಾರ, ನಡುಹಗಲಿನಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ರಸ್ತೆಯ ಮೇಲೆ ಮನೆಯೊಡತಿ ನನ್ನ ತೋಳು ಹಿಡಿದು ಪಕ್ಕಕ್ಕೆಳೆದರು.

“ಸರಿದುಕೋ, ಕಿತ್ತಳೆ ಗಾಡಿ ಬರುತ್ತಿದೆ.”

ನಾನು ನೋಡಿದೆ. ಗಾಡಿ ಇರಲಿಲ್ಲ. ಗಾಡಿಯೊಂದು ದಾಟಿಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವರು ನಿಂತರು, ಗಾಡಿಯವನಿಗೆಂಬಂತೆ ತಲೆಯಾಡಿಸಿದರು, ಮತ್ತೆ ಮುಂದೆ ನಡೆದರು. ಅವರ ಮುಖದಲ್ಲಿ ಮರೆವಿನ ಗುರುತಾಗಲಿ ತಮಾಷೆಯಾಗಲಿ ಇರಲಿಲ್ಲ.

ಅವರ ಹೆಸರು ಎಲೆನಿ. ಎಂಬತ್ತರ ಹತ್ತಿರದ ವಯಸ್ಸು. ಅವರನ್ನು ನಾವು ‘ಕಿರಿಯಾ’ ಎಂದು ಕರೆಯಬೇಕಿತ್ತು. ಗ್ರೀಕರಲ್ಲಿ ಅದು ‘ಅಮ್ಮನವರೇ’ ಎಂಬಂಥ ಗೌರವದ ಮಾತು. ಅವರು ನನ್ನನ್ನು ‘ಕೋರಿ ಮೂ’, ಅಂದರೆ ‘ನನ್ನ ಹುಡುಗಿ’, ಎನ್ನುತ್ತಿದ್ದರು. ಮೇಲಿನ ಮನೆಯಲ್ಲಿ ಅವರೊಬ್ಬರೇ. ಕೆಳಗಿನ ಬೇಸ್‌ಮೆಂಟಿನಲ್ಲಿ ನಾನು ಮತ್ತು ಮೈಸೂರಿನ ಚೈತ್ರಾ. ಇಬ್ಬರೂ ಹತ್ತಿರದ ಒಶಾವಾ ನಗರದ ಕಾಲೇಜಿನಲ್ಲಿ ಓದುತ್ತಿದ್ದೆವು. ಚೈತ್ರಾ ಕಾಫಿ ಅಂಗಡಿಯೊಂದರಲ್ಲಿ ಕೆಲಸವನ್ನೂ ಮಾಡುತ್ತಿದ್ದಳು. ನಮ್ಮ ಕಿಟಕಿ ನೆಲಮಟ್ಟದಲ್ಲಿತ್ತು. ಅದರಲ್ಲಿ ಕಾಣುತ್ತಿದ್ದುದು ಹುಲ್ಲಿನ ಬುಡ ಮತ್ತು ಅಪರೂಪಕ್ಕೆ ಅಂಚೆಯವನ ಬೂಟುಗಳು.

ಬಾಗಲಕೋಟೆಯ ನವನಗರದಲ್ಲಿ ಬೆಳೆದ ನನಗೆ ನೇರ ರಸ್ತೆಗಳಾಗಲಿ ಒಂದೇ ಅಚ್ಚಿನ ಮನೆಗಳಾಗಲಿ ಹೊಸವಲ್ಲ. ನಮ್ಮ ಸೆಕ್ಟರುಗಳೂ ಕಾಗದದ ಮೇಲೆ ಗೆರೆ ಎಳೆದು ಕಟ್ಟಿದವೇ. ಆದರೆ ಅಲ್ಲಿ ಕಟ್ಟೆಯ ಮೇಲೆ ಯಾರಾದರೂ ಕೂತಿರುತ್ತಾರೆ, ಯಾರದೋ ಕುಕ್ಕರ್ ಕೂಗುತ್ತದೆ, ಹಾದುಹೋದವರನ್ನು ‘ಎಲ್ಲಿಗೆ ಹೊಂಟೀರಿ?’ ಎಂದು ವಿಚಾರಿಸುತ್ತಾರೆ. ಇಲ್ಲಿ ಗರಾಜಿನ ಬಾಗಿಲು ತಾನಾಗಿ ಮೇಲೇಳುತ್ತದೆ, ಕಾರು ಹೊರಬರುತ್ತದೆ, ಬಾಗಿಲು ತಾನಾಗಿ ಇಳಿಯುತ್ತದೆ. ಮನುಷ್ಯನ ಮುಖ ಕಾಣದೆ ವಾರಗಳೇ ಕಳೆಯುತ್ತವೆ. ಇಂಥ ರಸ್ತೆಗಳ ಮೇಲೆ ಕಿರಿಯಾ ಎಲೆನಿ ಪ್ರತಿ ಭಾನುವಾರ ತಮ್ಮ ಊರನ್ನು ಹಾಸಿಕೊಂಡು ನಡೆಯುತ್ತಿದ್ದರು.

ಅವರ ಊರು ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿದೆ. ಫಾಮಗುಸ್ತಾ ನಗರದ ವರೋಶಾ ಎಂಬ ಭಾಗ. ಕಡಲಿನ ಗುಂಟ ಹೋಟೆಲುಗಳು, ಅವುಗಳ ಹಿಂದೆ ಕಿತ್ತಳೆ ತೋಟಗಳು. ಎಪ್ಪತ್ನಾಲ್ಕರ ಯುದ್ಧದಲ್ಲಿ ಅಲ್ಲಿಯ ಜನ ಓಡಿಹೋದರು. ಅಂದಿನಿಂದ ಅದರ ಸುತ್ತ ಮುಳ್ಳುತಂತಿ, ಸೈನಿಕರ ಕಾವಲು. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೂ ಅಲ್ಲಿ ಯಾರೂ ವಾಸವಿಲ್ಲ. ಹೋಟೆಲುಗಳ ನೆಲ ಬಿರಿದು ಮರಗಳು ಬೆಳೆದಿವೆಯಂತೆ.

“ಇದು ಸೆಲ್ಫ್ ಗೈಡೆಡ್ ಟೂರ್,” ಎಂದಿದ್ದರು ಕಿರಿಯಾ. “ಬೇರೆ ಊರುಗಳಲ್ಲಿ ಜನ ದುಡ್ಡು ಉಳಿಸೋಕೆ ಗೈಡ್ ಇಲ್ಲದೆ ತಿರುಗುತ್ತಾರೆ. ನಮ್ಮ ಊರಿಗೆ ಯಾವ ಗೈಡೂ ಕರೆದುಕೊಂಡು ಹೋಗಲಾರ. ನಮ್ಮ ಕಾಲೇ ದಾರಿ ತೋರಿಸಬೇಕು.”

ಅವರ ಕ್ರಮ ಇಷ್ಟು. ಪಿಕರಿಂಗ್‌ನ ದಕ್ಷಿಣಕ್ಕೆ ಸರೋವರವಿದೆ. ಆಚೆ ದಡ ಕಾಣದಷ್ಟು ದೊಡ್ಡದು. ಅದನ್ನು ಅವರು ಕಡಲೆಂದು ಇಟ್ಟುಕೊಂಡಿದ್ದರು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಉಳಿದುದನ್ನೆಲ್ಲ ಹೊಂದಿಸಿದ್ದರು. ಅಂಚೆಪೆಟ್ಟಿಗೆಗಳ ಗೂಡು ಬೇಕರಿ. ಹಸಿರು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ನಿಂಬೆ ಪಾನಕದವನ ಅಂಗಡಿ. ಬಸ್ ನಿಲ್ದಾಣದ ಗಾಜಿನ ಗೂಡು ಸಿನಿಮಾ ಮಂದಿರದ ಟಿಕೆಟ್ ಕಿಂಡಿ. ಬೆಂಕಿ ನಂದಿಸುವ ನೀರಿನ ನಲ್ಲಿ ದರ್ಜಿಯ ಅಂಗಡಿ. ಪ್ರತಿಯೊಂದರ ಮುಂದೆಯೂ ನಿಂತು ಯಾರ ಹೆಸರನ್ನಾದರೂ ಹಿಡಿದು ಕ್ಷೇಮ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು, ಕೆಲವೊಮ್ಮೆ ಆ ಉತ್ತರಕ್ಕೆ ನಗುತ್ತಲೂ ಇದ್ದರು. ದೂರದಲ್ಲಿ ಅಣುಸ್ಥಾವರದ ಗುಮ್ಮಟಗಳು ಮಂಜಿನಲ್ಲಿ ತೇಲಿದಂತೆ ಕಾಣುತ್ತಿದ್ದವು, ವಿಜಯಪುರದ ಗುಮ್ಮಟವನ್ನು ಯಾರೋ ಸಾಲಾಗಿ ನಕಲು ಮಾಡಿಟ್ಟ ಹಾಗೆ. ಆ ಗುಮ್ಮಟಗಳಿಗೆ ಮಾತ್ರ ಅವರು ಯಾವ ಹೆಸರನ್ನೂ ಕೊಡಲಿಲ್ಲ.

“ಏನಮ್ಮಾ, ಇವತ್ತು ಯಾವ ಬೀದಿ ಕವರ್ ಆಯ್ತು?” ಎಂದು ಚೈತ್ರಾ ಕೆಣಕುತ್ತಿದ್ದಳು. “ನಂಗೆ ಶಿಫ್ಟಲ್ಲಿ ಬದುಕಿರೋ ಕಸ್ಟಮರ್ಸೇ ಸಾಕಪ್ಪ. ನಿಂಗೆ ಸತ್ತೋರ ಅಂಗಡೀಲೂ ಶಾಪಿಂಗ್ ಬೇಕಾ?”

ನಾನು ನಗುತ್ತಿದ್ದೆ. ಆದರೆ ಜನವರಿಯ ಒಂದು ಬೆಳಿಗ್ಗೆ, ಒಬ್ಬಳೇ ಬಸ್ಸಿಗೆ ಹೋಗುವಾಗ, ಹಿಮದ ಮೇಲೆ ನಾನು ಥಟ್ಟನೆ ಪಕ್ಕಕ್ಕೆ ಸರಿದು ನಿಂತೆ. ಏಕೆ ನಿಂತೆನೆಂದು ತಿಳಿಯಲು ಕ್ಷಣ ಹಿಡಿಯಿತು. ಗಾಡಿಗೆ ದಾರಿ ಬಿಟ್ಟಿದ್ದೆ. ಹಿಮದಲ್ಲಿ ಗಾಲಿಯ ಗುರುತು ಇರಲಿಲ್ಲ. ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಬಗ್ಗಿ ನೋಡಿದೆ ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಹಳೆಯ ಊರಿಗಾಗಿ ಹಲುಬುವುದು ಸಲ್ಲದು ಎಂಬುದು ನನ್ನ ಪಕ್ಷವಾಗಿತ್ತು, ಅದನ್ನು ನಾನಿನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಸಂದ ನಮ್ಮ ಹಳೇ ಊರಿನಲ್ಲಿ ಓಣಿಗಳು ಜಾತಿಗೊಂದರಂತೆ ಇದ್ದವು. ನವನಗರದ ಸೆಕ್ಟರಿನಲ್ಲಿ ಎಲ್ಲರಿಗೂ ಒಂದೇ ಅಗಲದ ರಸ್ತೆ. ಅದು ಸಣ್ಣ ನ್ಯಾಯವಲ್ಲ. ಆದರೂ ಕಿರಿಯಾರ ಜೊತೆ ನಡೆದ ಮೇಲೆ ನನ್ನ ವಾದದಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸತೊಡಗಿತು. ಒಂದು ದಿನ ಅವ್ವನಿಗೆ ಫೋನ್ ಮಾಡಿ, ಹಳೇ ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಹೇಗೆ ಹೋಗುವುದೆಂದು ಕೇಳಿದೆ.

“ನೀರಾಗ ಹೋಗೇತಲ್ಲವಾ ಅದು. ಈಗ್ಯಾಕ?”

“ಹೇಳಬೇ.”

“ಬಸ್‌ಸ್ಟ್ಯಾಂಡ್ ಬಿಟ್ಟು ಮುಂದ ಬಂದ್ರ ಎಡಕ್ಕ ಬಳಿ ಅಂಗಡಿ. ಆಮ್ಯಾಲೆ…” ಅವ್ವ ತಡವರಿಸಿದಳು. “ಬಾವಿ ಮೊದಲೋ, ಗುಡಿ ಮೊದಲೋ. ನಿಮ್ಮಪ್ಪಗ ಗೊತ್ತಿತ್ತು. ಹೊಂಟಾಗ ಬಾಗಲಾ ಕಿತ್ತಿ ತಂದ್ವಿ, ತೊಲಿ ತಂದ್ವಿ. ಓಣಿ ತರಾಕ ಬರಂಗಿಲ್ಲ ನೋಡು.”

ಅಪ್ಪ ಈಗಿಲ್ಲ. ಆ ಓಣಿಯ ಉಳಿದರ್ಧ ಅವರೊಂದಿಗೇ ಹೋಗಿತ್ತು.

ಕಿರಿಯಾರ ನಡಿಗೆಯಲ್ಲಿ ಒಂದು ವಿಚಿತ್ರವಿತ್ತು. ದರ್ಜಿಯ ಅಂಗಡಿ ಬರುತ್ತಲೇ ಹಿಂದಿರುಗುತ್ತಿದ್ದರು. “ಮುಂದೇನಿದೆ?” ಎಂದರೆ “ಮುಂದೆ ಕಡಲಂಚಿಗೆ ನನ್ನ ಮನೆ” ಎನ್ನುವರು, ತಿರುಗಿ ನಡೆಯುವರು. ಫೆಬ್ರವರಿಯಲ್ಲಿ ಅವರು ಮೆಟ್ಟಿಲ ಮೇಲೆ ಜಾರಿ ಬಿದ್ದರು. ದೂರದ ಕ್ಯಾಲ್ಗರಿ ನಗರದಲ್ಲಿದ್ದ ಮಗಳು, ಮನೆ ಮಾರಿ ವಸಂತದಲ್ಲಿ ತನ್ನ ಬಳಿಗೆ ಬಾ ಎಂದಳು. ಅವರು ಒಪ್ಪಿದರು. ಆ ವಾರ ದರ್ಜಿಯ ಅಂಗಡಿಯಾದ ಆ ನಲ್ಲಿಯ ಬಳಿ ನಿಂತಾಗ ತಾವಾಗಿಯೇ ಹೇಳಿದರು.

“ಅವತ್ತು ಮಧ್ಯಾಹ್ನದ ಊಟಕ್ಕೆ ಮೇಜು ಹಾಕಿದ್ದೆ. ಗಂಡ, ಅತ್ತೆ, ಮಾವ, ಮೈದುನ, ಮಗಳು, ನಾನು. ವಿಮಾನಗಳ ಸದ್ದು ಕೇಳಿಸಿತು. ಎರಡು ಗಂಟೆ ಆಚೆ ಇದ್ದು ಬರೋಣ ಎಂದರು ಮನೆಯವರು. ತಟ್ಟೆಗಳನ್ನು ಹಾಗೆಯೇ ಬಿಟ್ಟು ಬಂದೆ. ಕೋರಿ ಮೂ, ಆ ಮೇಜು ಇನ್ನೂ ಹಾಗೇ ಇದೆ. ನಾನು ಬಾಗಿಲವರೆಗೆ ಹೋದರೆ ಅದು ಕಾಣುತ್ತದೆ.” ನಲ್ಲಿಯ ಮೇಲಿನ ಹಿಮವನ್ನು ಕೈಯಿಂದ ಒರೆಸುತ್ತ, “ಕ್ಯಾಲ್ಗರಿಯಲ್ಲಿ ಕಡಲಿನಂಥ ನೀರಿಲ್ಲ. ಅಲ್ಲಿ ಊರನ್ನು ಹಾಸೋಕಾಗಲ್ಲ. ಹೋಗೋ ಮೊದಲು ಒಂದು ಸಲ ಮನೆ ಮುಟ್ಟಬೇಕು,” ಎಂದರು.

ಏಪ್ರಿಲ್‌ನಲ್ಲಿ ಮನೆ ಮಾರಾಟಕ್ಕೆ ಸಿದ್ಧವಾಯಿತು. ಇಲ್ಲಿ ‘ಸ್ಟೇಜಿಂಗ್’ ಎಂಬ ಪದ್ಧತಿಯಿದೆ: ಮನೆಯವರ ಹಳೆಯ ಸಾಮಾನನ್ನು ತೆಗೆದಿರಿಸಿ, ಬಾಡಿಗೆಯ ಸೋಫಾ, ಚಿತ್ರ, ದೀಪಗಳನ್ನು ತಂದು, ಯಾರೋ ಸುಖವಾಗಿ ಬಾಳುತ್ತಿರುವಂತೆ ಸಿಂಗರಿಸುವುದು. ಕೊಳ್ಳುವವರು ಬಂದು ಆ ಇಲ್ಲದ ಸಂಸಾರವನ್ನು ಕೋಣೆಕೋಣೆ ಸುತ್ತಿ ನೋಡುತ್ತಾರೆ. ಭಾನುವಾರ ಜನ ಬರುವ ಮುನ್ನ ಮನೆಯವರು ಹೊರಹೋಗಿರಬೇಕು. ಮನೆ ಮಾರಿಕೊಡುವ ಏಜೆಂಟ್ ಕೋಟು ತೊಟ್ಟ ಸೌಜನ್ಯದ ಯುವಕ.

“ಎರಡೇ ಗಂಟೆ, ಮ್ಯಾಮ್. ಕಾಫಿ ಕುಡಿದು ಬಂದುಬಿಡಿ.”

ಕಿರಿಯಾ ಊಟದ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು. ಮೇಜಿನ ಮೇಲೆ ಬಿಳಿ ತಟ್ಟೆಗಳು, ಮಡಿಸಿದ ಬಟ್ಟೆ, ಖಾಲಿ ಲೋಟಗಳು. ನಡುವೆ ಬಟ್ಟಲು ತುಂಬ ಕಿತ್ತಳೆ. ಅವರು ಒಂದನ್ನು ಎತ್ತಿ ಮೂಸಿ ನೋಡಿ ಕೆಳಗಿಟ್ಟರು. ಪ್ಲಾಸ್ಟಿಕ್ಕಿನದು. ಕಿಟಕಿಯಾಚೆ ಸರೋವರದ ಮಂಜು ರಸ್ತೆಯನ್ನು ನುಂಗಿತ್ತು.

“ನಾವು ಆರು ಜನ ಅಂತ ಇವರಿಗೆ ಹೇಳಿದವರು ಯಾರು?” ಎಂದು ಮೆಲ್ಲಗೆ ಕೇಳಿದರು.

ನಾನು ತಟ್ಟೆಗಳನ್ನು ನೋಡಿದೆ. ಆರಿದ್ದವು.

ನಾನು ವಾದಕ್ಕಿಳಿದೆ. ಇಂಥ ಮೇಜಿಗೆ ಆರು ಕುರ್ಚಿ ಸಹಜವೆಂದೆ. ಇದು ಪಿಕರಿಂಗ್, ಇಲ್ಲಿ ಯುದ್ಧವಿಲ್ಲ ಎಂದೆ. ಈ ತಟ್ಟೆಗಳು ನಿಮ್ಮವಲ್ಲ ಎಂದೆ.

“ನೀನು ಹೇಳಿದ್ದೆಲ್ಲ ಸರಿ. ನನಗೆ ಹುಚ್ಚಿಲ್ಲ. ಆದರೆ ಹಾಕಿದ ಮೇಜು ಬಿಟ್ಟು ಎರಡನೇ ಸಲ ನಾನು ಹೊರಡಲ್ಲ.”

ಮಗಳು ಫೋನಿನಲ್ಲಿ ಬೇಡಿಕೊಂಡಳು. ಏಜೆಂಟ್ ಗಡಿಯಾರ ನೋಡಿದ. ನಾನು ವಾದ ಬಿಟ್ಟು ಒಂದು ಕುರ್ಚಿ ಎಳೆದೆ. “ಹಾಗಾದರೆ ಊಟ ಮಾಡೋಣ,” ಎಂದೆ.

ಚೈತ್ರಾ ಶಿಫ್ಟಿಗೆಂದು ಹಾಕಿಕೊಂಡ ಸಮವಸ್ತ್ರದಲ್ಲೇ ಕೆಳಗಿನಿಂದ ಚಿತ್ರಾನ್ನದ ಪಾತ್ರೆ ತಂದಳು. “ಬಸ್ ಮಿಸ್ ಆದ್ರೆ ನೀನೇ ನನ್ನ ಮ್ಯಾನೇಜರ್‌ಗೆ ಫೋನ್ ಮಾಡ್ಬೇಕು,” ಎನ್ನುತ್ತಲೇ ಕೂತಳು. ಕಿರಿಯಾ ಏಜೆಂಟನನ್ನೂ ಕೂರಿಸಿದರು. ನಾಲ್ವರಿಗೆ ಬಡಿಸಿ, ಉಳಿದೆರಡು ತಟ್ಟೆಗಳಿಗೂ ಒಂದೊಂದು ಚಮಚ ಹಾಕಿದರು, ನಮ್ಮಲ್ಲಿ ಹಿರಿಯರಿಗೆ ಎಡೆ ಹಾಕುವಂತೆ. ಖಾಲಿ ಕುರ್ಚಿಗಳ ಕಡೆ ಏಜೆಂಟ್ ಮತ್ತೆಮತ್ತೆ ನೋಡುತ್ತಿದ್ದ. ಆಮೇಲೆ ತನ್ನ ಕುರ್ಚಿಯನ್ನು ಕೊಂಚ ಇತ್ತ ಎಳೆದುಕೊಂಡ.

ಊಟವಾದ ಮೇಲೆ ಕಿರಿಯಾ ಯಾರನ್ನೂ ಸಿಂಕಿನ ಹತ್ತಿರ ಬಿಡಲಿಲ್ಲ. ಆರೂ ತಟ್ಟೆ ತೊಳೆದರು, ಒರೆಸಿದರು, ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಮೇಜು ಬರಿದಾಯಿತು. ಅದನ್ನು ಮತ್ತೆ ಸಿಂಗರಿಸುವ ಧೈರ್ಯ ಏಜೆಂಟನಿಗಾಗಲಿಲ್ಲ. ಕಿರಿಯಾ ಕೋಟು ತೊಟ್ಟು ನನಗೆ, “ಬಾ,” ಎಂದರು.

ಮಂಜಿನಲ್ಲಿ ಬೇಕರಿ ದಾಟಿದೆವು, ಸಿನಿಮಾ ದಾಟಿದೆವು. ದರ್ಜಿಯ ಅಂಗಡಿಯಲ್ಲಿ ಅವರು ನಿಲ್ಲಲಿಲ್ಲ. ರಸ್ತೆ ಮುಗಿದು ಬೆಣಚುಕಲ್ಲಿನ ದಡ ಬಂತು, ನೀರಿನ ಸದ್ದು ಬಂತು. ಅಲೆ ಬೂಟು ಮುಟ್ಟುವಲ್ಲಿ ಅವರು ನಿಂತು, ಕೈಯನ್ನು ಎದೆಯ ಎತ್ತರಕ್ಕೆತ್ತಿ, ಬಾಗಿಲು ತಳ್ಳುವಂತೆ ಗಾಳಿಯನ್ನು ತಳ್ಳಿದರು. ಬಹಳ ಹೊತ್ತು ಮಂಜಿನೊಳಗೆ ನೋಡಿದರು. ಒಳಗಿನಿಂದ ಯಾರಾದರೂ ಮಾತಾಡಿದರೆ ಎಂಬ ಭಯ ನಿಜವಾಗಿಯೂ ನನಗಿತ್ತು.

“ಮೇಜು ಖಾಲಿಯಾಗಿದೆ,” ಎಂದರು. ನನ್ನ ತೋಳು ಹಿಡಿದು ಹಿಂದಿರುಗಿದರು.

ಅವರೀಗ ಕ್ಯಾಲ್ಗರಿಯಲ್ಲಿದ್ದಾರೆ. ನಾನು ಒಶಾವಾದಲ್ಲಿ ಕೆಲಸ, ಬಾಡಿಗೆ, ಬಸ್ಸುಗಳ ನಡುವೆ ಬೇರು ಬಿಡುತ್ತಿದ್ದೇನೆ. ಎಂದೂ ಕಾಲಿಡದ ವರೋಶಾದ ಬೀದಿಯೊಂದು ನನಗೆ ಕಣ್ಣು ಕಟ್ಟಿದರೂ ತಪ್ಪದು. ನನ್ನ ಸ್ವಂತ ಊರಿನಲ್ಲಿ ಬಳೆ ಅಂಗಡಿಯ ಆಚೆಗೆ ನಾನು ದಾರಿ ತಪ್ಪಿದವಳು.

ನಿಮ್ಮ ಮನೆಯಲ್ಲಿ ಹಳೇ ಬಾಗಲಕೋಟೆಯಲ್ಲಿ ಬಾಳಿದವರು ಇನ್ನೂ ಇದ್ದರೆ, ಈ ಭಾನುವಾರ ಅವರನ್ನು ಸೆಕ್ಟರಿನ ರಸ್ತೆಗೆ ಕರೆದುಕೊಂಡು ಹೋಗಿ. ಬಸ್‌ಸ್ಟ್ಯಾಂಡಿನಿಂದ ಅವರ ಮನೆಯವರೆಗೆ ನಡೆಸಿ ತೋರಿಸಲು ಕೇಳಿ. ನಡುವೆ ತಿದ್ದಬೇಡಿ. ಯಾರ ಓಣಿ ಯಾವುದಾಗಿತ್ತು, ಯಾರನ್ನು ಯಾವ ಓಣಿಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಕೇಳಿ. ಬಳೆ ಅಂಗಡಿಯ ನಂತರ ಬಾವಿಯಿತ್ತೋ ಗುಡಿಯಿತ್ತೋ ಅವರಿಗೆ ನೆನಪಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ.